ಸೋತ ಆಲ್ಬಮ್ ಆದಮೇಲೆ: ರಾಕ್‌ಫರ್ಡ್‌ನ ಚೀಪ್ ಟ್ರಿಕ್ ಕಲಿಸುವ ಪಾಠ

ಡೆಸ್ ಪ್ಲೇನ್ಸ್‌ನಿಂದ ಐ-90 ಹಿಡಿದು ಪಶ್ಚಿಮಕ್ಕೆ ಸುಮಾರು 70 ಮೈಲಿ ಹೋದರೆ ರಾಕ್‌ಫರ್ಡ್ ಸಿಗುತ್ತದೆ. ಚೀಪ್ ಟ್ರಿಕ್ ಎಂಬ ರಾಕ್ ತಂಡದ ಊರು ಅದು. ಹಾಡುವವರು ರಾಬಿನ್ ಝ್ಯಾಂಡರ್, ಗಿಟಾರ್ ರಿಕ್ ನೀಲ್ಸನ್, ಬೇಸ್ ಗಿಟಾರ್ ಟಾಮ್ ಪೀಟರ್ಸನ್, 2010ರವರೆಗೆ ಡ್ರಮ್ಸ್ ಬನ್ ಇ. ಕಾರ್ಲೋಸ್. ಈ ತಂಡ ಒಮ್ಮೆ ಏರಿತು, ಬಿತ್ತು, ಮತ್ತೆ ಎದ್ದಿತು. ಎದ್ದದ್ದು ಹೇಗೆ, ಅದಕ್ಕೆ ಕೊಟ್ಟ ಬೆಲೆ ಏನು ಅನ್ನೋದನ್ನು ಇಲ್ಲಿ ನೋಡೋಣ.

1. ಏರಿಳಿತ

ತಂಡದ ಮೊದಲ ಆಲ್ಬಮ್ ಬಂದದ್ದು 1977ರಲ್ಲಿ. ಅಮೆರಿಕಕ್ಕಿಂತ ಮೊದಲು ಇವರನ್ನು ತಲೆಮೇಲೆ ಹೊತ್ತು ಮೆರೆಸಿದವರು ಜಪಾನಿನ ಕೇಳುಗರು. 1978ರ ಏಪ್ರಿಲ್‌ನಲ್ಲಿ ಟೋಕಿಯೋದ ಬುಡೋಕಾನ್ ಸಭಾಂಗಣದಲ್ಲಿ ನಡೆದ ಕಛೇರಿಯ ಧ್ವನಿಮುದ್ರಣ 1979ರಲ್ಲಿ ಅಮೆರಿಕದಲ್ಲೂ ಬಿಡುಗಡೆಯಾಗಿ, ಬಿಲ್‌ಬೋರ್ಡ್ ಆಲ್ಬಮ್ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ ಏರಿತು. 1980ರಲ್ಲಿ ಪೀಟರ್ಸನ್ ತಂಡ ಬಿಟ್ಟರು. ಅಲ್ಲಿಂದ ಮುಂದೆ ಇಳಿಜಾರು. 1986ರ 'ದಿ ಡಾಕ್ಟರ್' ಆಲ್ಬಮ್‌ನಲ್ಲಿ ಸಿಂಥಸೈಜರ್ ಸದ್ದೇ ಮುಂದೆ ನಿಂತು ಗಿಟಾರ್ ಹಿಂದೆ ಸರಿಯಿತು. ಅದು 115ನೇ ಸ್ಥಾನ ದಾಟಿ ಮೇಲೆ ಬರಲೇ ಇಲ್ಲ.

2. ಮರಳಿ ಬಂದದ್ದು

1988ರ 'ಲ್ಯಾಪ್ ಆಫ್ ಲಕ್ಷುರಿ' ಲೆಕ್ಕಾಚಾರವನ್ನೇ ತಲೆಕೆಳಗು ಮಾಡಿತು. ಎರಡು ಬದಲಾವಣೆಗಳನ್ನು ಗಮನಿಸಿ.

ಮೊದಲನೆಯದು, ಪೀಟರ್ಸನ್ ವಾಪಸ್ ಬಂದರು. ಹನ್ನೆರಡು ತಂತಿಯ ಬೇಸ್ ಗಿಟಾರನ್ನು ರಾಕ್ ಸಂಗೀತಕ್ಕೆ ಪರಿಚಯಿಸಿದವರೇ ಅವರು. ಇಲಿನಾಯ್‌ನದೇ ಆದ ಹೇಮರ್ ಕಂಪನಿ ಅವರಿಗಾಗಿ ಅದನ್ನು ತಯಾರಿಸಿತ್ತು.

ಎರಡನೆಯದು, ಹೊರಗಿನವರ ಹಾಡುಗಳು. ಅದುವರೆಗೆ ಹಾಡು ಬರೆಯುವ ಮುಖ್ಯ ಹೊಣೆ ನೀಲ್ಸನ್ ಅವರದಾಗಿತ್ತು. ಈಗ ಎಪಿಕ್ ರೆಕಾರ್ಡ್ ಕಂಪನಿ ಬೇರೆಯವರು ಬರೆದದ್ದನ್ನೂ ಹಾಡಿ ಅಂತ ಒತ್ತಾಯ ಹಾಕಿತು. ಬಾಬ್ ಮಿಚೆಲ್ ಮತ್ತು ನಿಕ್ ಗ್ರಹಾಮ್ ಬರೆದ 'ದಿ ಫ್ಲೇಮ್' ಜುಲೈ 1988ರಲ್ಲಿ ಎರಡು ವಾರ ಮೊದಲ ಸ್ಥಾನದಲ್ಲಿ ನಿಂತಿತು. ಬಿಲ್‌ಬೋರ್ಡ್ ಹಾಡುಗಳ ಪಟ್ಟಿಯಲ್ಲಿ ತಂಡಕ್ಕೆ ಸಿಕ್ಕ ಒಂದೇ ಒಂದು ಮೊದಲ ಸ್ಥಾನ ಅದು. ಎಲ್ವಿಸ್ ಪ್ರೆಸ್ಲಿ ಹಾಡಿ ಪ್ರಸಿದ್ಧಗೊಳಿಸಿದ್ದ 'ಡೋಂಟ್ ಬಿ ಕ್ರೂಯಲ್' 4ನೇ ಸ್ಥಾನಕ್ಕೆ, ಆಲ್ಬಮ್ 16ನೇ ಸ್ಥಾನಕ್ಕೆ ಬಂತು.

3. ಗೆದ್ದವರು ಯಾರು?

ಇಲ್ಲೊಂದು ತೊಡಕಿದೆ. ಗೆದ್ದ ಹಾಡು ತಂಡದವರು ಬರೆದದ್ದಲ್ಲ. ಹಾಗಾದರೆ ಇದು ಅವರ ಗೆಲುವೇ?

ಕನ್ನಡದ ಕಿವಿಗೆ ಈ ಪ್ರಶ್ನೆ ಸ್ವಲ್ಪ ವಿಚಿತ್ರ. ಶಿಶುನಾಳ ಶರೀಫರ ತತ್ವಪದಕ್ಕೆ ಸಿ. ಅಶ್ವತ್ಥ್ ರಾಗ ಕಟ್ಟಿ ಹಾಡಿದರೆ ನಾವು ಅದನ್ನು ಕೊರತೆ ಅಂತ ಎಣಿಸುವುದಿಲ್ಲ. ಸಿನಿಮಾದಲ್ಲಂತೂ ಬರೆಯುವವರು, ರಾಗ ಹಾಕುವವರು, ಹಾಡುವವರು ಬೇರೆ ಬೇರೆಯಾಗಿರುವುದೇ ರೂಢಿ. ಆದರೆ ರಾಕ್‌ನಲ್ಲಿ ತನ್ನ ಹಾಡು ತಾನೇ ಬರೆಯುವುದು ತಂಡದ ಮಾನದ ವಿಷಯ. ಹಾಗಾಗಿ ನೀಲ್ಸನ್ ಅವರಂಥ ಬರಹಗಾರ ಇರುವ ತಂಡಕ್ಕೆ ಈ ಗೆಲುವು ಸಿಹಿಯೂ ಹೌದು, ಒಗರೂ ಹೌದು.

ನಮ್ಮ ಅಳತೆಯನ್ನೂ ರಾಕ್‌ನ ಅಳತೆಯನ್ನೂ ಒಟ್ಟಿಗೆ ಇಟ್ಟು ನೋಡಿದರೆ ಉತ್ತರ ಸಿಗುತ್ತದೆ. ಬರೆದದ್ದು ಬೇರೆಯವರಾದರೂ, ಮೆಲ್ಲಗೆ ಶುರುವಾಗಿ ಕೊನೆಗೆ ಎದೆ ತುಂಬಿ ಏರುವ ದನಿ ಝ್ಯಾಂಡರ್ ಅವರದು. ಹಾಡು ಎರವಲು, ದನಿ ಸ್ವಂತ.

4. ಆಮೇಲೆ?

1990ರ 'ಬಸ್ಟೆಡ್' ಆಲ್ಬಮ್ ಅದೇ ದಾರಿಯಲ್ಲಿ ಹೋಗಿ 48ನೇ ಸ್ಥಾನದಲ್ಲಿ ನಿಂತಿತು. ಎರವಲು ಅವರನ್ನು ಎಬ್ಬಿಸಿ ನಿಲ್ಲಿಸಿತು, ದೂರ ನಡೆಸಲಿಲ್ಲ. ನಡೆಸಿದ್ದು ವೇದಿಕೆ. ಹಿಟ್ ಇರಲಿ ಬಿಡಲಿ, ಊರೂರು ಸುತ್ತಿ ನುಡಿಸುವುದನ್ನು ಅವರು ಬಿಡಲಿಲ್ಲ. 2016ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡಿತು.

ಒಂದು ಸೆಮಿಸ್ಟರ್ ಕೈಕೊಟ್ಟಾಗ ನಾವೂ ಗೆಳೆಯರ ನೋಟ್ಸ್, ಸೀನಿಯರ್‌ಗಳ ಸಲಹೆ ಹಿಡಿದೇ ಏಳುತ್ತೇವೆ. ಅದರಲ್ಲಿ ಸಂಕೋಚ ಬೇಡ. ಎದ್ದಮೇಲೆ ನಡೆಯೋದು ಮಾತ್ರ ನಮ್ಮ ಕಾಲಲ್ಲೇ.

ಅಭ್ಯಾಸ: ಬುಡೋಕಾನ್ ಆಲ್ಬಮ್, 'ದಿ ಡಾಕ್ಟರ್', 'ಲ್ಯಾಪ್ ಆಫ್ ಲಕ್ಷುರಿ' ಮೂರರಿಂದಲೂ ಒಂದೊಂದು ಹಾಡು ಇದೇ ಕ್ರಮದಲ್ಲಿ ಕೇಳಿ. ಗಿಟಾರ್ ಎಲ್ಲಿ ಮುಂದಿದೆ, ಎಲ್ಲಿ ಹಿಂದಿದೆ? ಐದು ಸಾಲು ಕನ್ನಡದಲ್ಲಿ ಬರೆದು ಮುಂದಿನ ಭೇಟಿಗೆ ತನ್ನಿ.