ಒಂದೇ ಸೂಲಿನ ಎರಡು ಮರಿ, ಒಂದೇ ದಿನದ ಬಿಲ್ಲು

ಎರಡು ಮೊಳ ಮಲ್ಲಿಗೆ ಹೂವಿನ ದುಡ್ಡು ಬಿಟ್ಟರೆ ನಮ್ಮ ಮನೆಯ ಎರಡು ನಾಯಿಮರಿಗಳನ್ನು ತರಲು ನಾವು ಬೇರೇನೂ ಕೊಟ್ಟಿಲ್ಲ. ಯಲಹಂಕ ಉಪನಗರದಲ್ಲಿ ನಾನು ಹೂ ಕೊಳ್ಳುವ ಜಾಗದ ಹಿಂದೆ ಒಂದು ಖಾಲಿ ಸೈಟಿದೆ. ಅಲ್ಲಿ ಬೀದಿನಾಯಿಯೊಂದು ಮರಿ ಹಾಕಿತ್ತು. ಅದಕ್ಕೆ ಅನ್ನ ಹಾಕಿ ನೋಡಿಕೊಳ್ಳುತ್ತಿದ್ದ ಹೂವಿನಮ್ಮನ ಹತ್ತಿರ ಒಂದು ಮರಿ ಕೇಳಿದೆ. "ಒಂದನ್ನೇ ತಗೊಂಡೋದ್ರೆ ರಾತ್ರಿಯೆಲ್ಲ ಊಳಿಡುತ್ತೆ ಕಣಮ್ಮ. ಎರಡೂ ತಗೊಂಡೋಗು, ಜೊತೆ ಮುರೀಬೇಡ" ಅಂದರು. ಅಣ್ಣ-ತಂಗಿ ಎರಡೂ ಬಂದವು. ಗಂಡಿಗೆ ಗುಂಡ, ಹಣೆಯ ಮೇಲೆ ಬಿಳಿ ಮಚ್ಚೆಯಿದ್ದ ಹೆಣ್ಣಿಗೆ ಚುಕ್ಕಿ ಎಂದು ಹೆಸರಾಯಿತು.

ದುಡ್ಡು ಕೊಟ್ಟು ಜಾತಿನಾಯಿ ತರುವವರಿಗೂ ಇದೇ ಮಾತು ಬೇರೆ ರೂಪದಲ್ಲಿ ಕೇಳಿಸುತ್ತದೆ: ಜೋಡಿ ತಗೊಳ್ಳಿ, ಎರಡನೆಯದಕ್ಕೆ ರಿಯಾಯಿತಿ. 'ಒಂಟಿಯಾಗಿ ಇರಲ್ಲ ಸಾರ್' ಎನ್ನುವ ಮಾರಾಟಗಾರನನ್ನು ಮೊದಲು ಮರಿಯ ವಯಸ್ಸು ಕೇಳಬೇಕು. ಕೇಂದ್ರ ಸರ್ಕಾರದ 2017ರ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ತಾಯಿಯಿಂದ ಬೇಗ ಕಿತ್ತು ತಂದ ಮರಿ ಅಳುವುದು ಜೊತೆಗಾರನಿಲ್ಲ ಅಂತ ಮಾತ್ರವಲ್ಲ, ಹಾಲು ಬಿಟ್ಟಿರುವುದಿಲ್ಲ, ಅದಕ್ಕೂ.

ಎರಡು ಮರಿಗೆ ಎರಡರಷ್ಟು ಖರ್ಚು ಎಂದು ಯಾರು ಬೇಕಾದರೂ ಹೇಳುತ್ತಾರೆ. ನನ್ನ ಮನೆಖರ್ಚಿನ ಪುಸ್ತಕ ಹಾಗೆ ಹೇಳುವುದಿಲ್ಲ. ಕೆಲವು ಬಾಬ್ತು ಎರಡರಷ್ಟಾಗಲೇ ಇಲ್ಲ, ಕೆಲವು ಮೂರರಷ್ಟಾದವು. ನನ್ನನ್ನು ಸುಸ್ತು ಮಾಡಿದ್ದು ಖರ್ಚಿನ ಮೊತ್ತವಲ್ಲ, ಅದು ಬಂದ ಹೊತ್ತು. ಒಂದೇ ದಿನ ಹುಟ್ಟಿದ ಮರಿಗಳ ಬಿಲ್ಲುಗಳೂ ಒಂದೇ ದಿನ ಬರುತ್ತವೆ. ತಿಳಿದವರು ಎಫ್‌ಡಿ ಇಡುವಾಗ ಎಲ್ಲವನ್ನೂ ಒಂದೇ ತಾರೀಖಿಗೆ ಮೆಚ್ಯೂರ್ ಆಗುವಂತೆ ಇಡುವುದಿಲ್ಲ, ವರ್ಷಕ್ಕೊಂದು ಕೈಗೆ ಬರುವ ಹಾಗೆ ಹಂಚುತ್ತಾರೆ. ಒಡಹುಟ್ಟಿದ ಮರಿಗಳಲ್ಲಿ ಆ ಹಂಚಿಕೆಗೆ ಅವಕಾಶವೇ ಇಲ್ಲ.

ಊಟದಲ್ಲಿ ಜೋಡಿಯಿಂದ ನಿಜವಾಗಿಯೂ ಉಳಿತಾಯವಿದೆ. ಒಂದಕ್ಕೆ ಬೇಯಿಸಿದರೂ ಎರಡಕ್ಕೆ ಬೇಯಿಸಿದರೂ ಅದೇ ಕುಕ್ಕರ್, ಅದೇ ಗ್ಯಾಸು. ಕೋಳಿ ಅಂಗಡಿಯಲ್ಲಿ ಕತ್ತು, ಕಾಲು, ಲಿವರ್ ಕಡಿಮೆ ಬೆಲೆಗೆ ಸಿಗುತ್ತವೆ. ಬೇಯಿಸಿ, ಮೂಳೆಯನ್ನೆಲ್ಲ ಆಯ್ದು ತೆಗೆದು (ಬೆಂದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ), ಆ ನೀರಿನಲ್ಲೇ ರಾಗಿ ಅಂಬಲಿ ಕಾಯಿಸಿ ಅನ್ನಕ್ಕೆ ಕಲಸುತ್ತೇನೆ. ತಿಂಗಳಿಗೆ ಎರಡೂ ಸೇರಿ ಮೂರೂವರೆ ಸಾವಿರದ ಆಸುಪಾಸು. ಗುಂಡ ತನ್ನ ತಟ್ಟೆಯನ್ನು ನೆಕ್ಕುತ್ತಾ ನೆಕ್ಕುತ್ತಾ ಅಡುಗೆಮನೆಯಿಂದ ತಳ್ಳಿಕೊಂಡು ಹೋಗಿ ವಾಷಿಂಗ್ ಮೆಷಿನ್ನಿಗೆ ತಾಗಿಸುತ್ತಾನೆ. ಅಲ್ಲಿಗೆ ಊಟ ಮುಗಿದ ಸದ್ದು. ಚುಕ್ಕಿ ಅಷ್ಟರಲ್ಲಿ ಕಾಲು ಭಾಗವೂ ತಿಂದಿರುವುದಿಲ್ಲ, ಹಾಗಾಗಿ ಅವಳಿಗೆ ಬಾಲ್ಕನಿಯಲ್ಲಿ, ಬಾಗಿಲು ಹಾಕಿ.

ತೆರಿಗೆಯ ಕಡೆಯಿಂದ ನೋಡಿದರೂ ಮನೆಯಡುಗೆಯೇ ವಾಸಿ. ಅಂಗಡಿಯಲ್ಲಿ ಸಿಗುವ ಪ್ಯಾಕೆಟ್ ನಾಯಿ ಆಹಾರಕ್ಕೆ ಶೇ 18 ಜಿಎಸ್‌ಟಿ ಇದೆ. ಪಶುವೈದ್ಯ ಕ್ಲಿನಿಕ್ಕಿನ ಚಿಕಿತ್ಸಾ ಸೇವೆಗೆ ಜಿಎಸ್‌ಟಿ ಇಲ್ಲ. ಡಾಕ್ಟರ ಶುಲ್ಕದ ಮೇಲೆ ಯಾರಾದರೂ ತೆರಿಗೆ ಹಾಕಿದ್ದರೆ ಬಿಲ್ಲು ತೋರಿಸಿ ಕೇಳಿ. ಆರೋಗ್ಯ ವಿಮೆಗೆ ಆದಾಯ ತೆರಿಗೆಯಲ್ಲಿ ಸಿಗುವ ವಿನಾಯಿತಿಯಲ್ಲಿ ಮಾತ್ರ ನಾಯಿಗೆ ಜಾಗವಿಲ್ಲ. ಮನೆಮಂದಿ ಎನ್ನುವುದು ನಮ್ಮ ಮಾತು, ಇಲಾಖೆಯದಲ್ಲ.

ಲಸಿಕೆಯಿಂದ ಎರಡರ ಲೆಕ್ಕ ಶುರು. ಆರರಿಂದ ಎಂಟನೆಯ ವಾರಕ್ಕೆ ಮೊದಲ ಚುಚ್ಚುಮದ್ದು, ಆಮೇಲೆ ಮೂರು-ನಾಲ್ಕು ವಾರಕ್ಕೊಂದರಂತೆ ಹದಿನಾರು ವಾರದವರೆಗೆ. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ನಂತರ ವರ್ಷಕ್ಕೊಮ್ಮೆ. ನಮ್ಮ ಬಡಾವಣೆಯ ಕ್ಲಿನಿಕ್ಕಿನಲ್ಲಿ ಒಂದು ಚುಚ್ಚುಮದ್ದಿಗೆ ಏಳೆಂಟು ನೂರು, ಎರಡು ಮರಿಗೆ ಪ್ರತಿ ಸಲವೂ ಸಾವಿರದೈನೂರು. ಉತ್ತರ ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. 1958ರಲ್ಲಿ ಶುರುವಾದ ಕಾಲೇಜು, ಈಗ ಬೀದರಿನ ಪಶು ವಿಶ್ವವಿದ್ಯಾಲಯಕ್ಕೆ ಸೇರಿದೆ. ಅಲ್ಲಿ ಖರ್ಚು ಕಡಿಮೆ, ಕಾಯುವುದು ಜಾಸ್ತಿ. ಎರಡು ಮರಿಗಳೊಂದಿಗೆ ಹೆಬ್ಬಾಳಕ್ಕೆ ಎಂದರೆ ಮೂರು ಆಟೋದವರಲ್ಲಿ ಇಬ್ಬರು 'ಆಗಲ್ಲ ಮೇಡಂ' ಎನ್ನುತ್ತಾರೆ, ಒಪ್ಪಿದವರು ಮೀಟರಿನ ಮೇಲೆ ಕೇಳುತ್ತಾರೆ. ಅಲ್ಲಿ ಉಳಿದಿದ್ದರಲ್ಲಿ ಅರ್ಧ ಬಳ್ಳಾರಿ ರಸ್ತೆಯಲ್ಲಿ ಕರಗುತ್ತದೆ. ರೇಬೀಸ್ ಲಸಿಕೆಗೆ ಮಾತ್ರ ಸೆಪ್ಟೆಂಬರ್ 28ರ ಸುತ್ತಮುತ್ತ ನಡೆಯುವ ಉಚಿತ ಶಿಬಿರಗಳನ್ನು ಬಿಡಬೇಡಿ. ಲೂಯಿ ಪಾಶ್ಚರ್ ತೀರಿಕೊಂಡ ದಿನ ಅದು, ವಿಶ್ವ ರೇಬೀಸ್ ದಿನ.

ಎರಡನೆಯ ಡೋಸಿಗೆ ಮುಂಚೆಯೇ ಪಾರ್ವೋ ಬಂತು. ಮೊದಲು ಗುಂಡ ತಟ್ಟೆ ಮುಟ್ಟಲಿಲ್ಲ. ಗುಂಡ ತಟ್ಟೆ ಮುಟ್ಟದ ದಿನ ಏನೋ ಆಗಿದೆ ಎಂದೇ ಅರ್ಥ. ಸಂಜೆಗೆ ವಾಂತಿ, ರಾತ್ರಿಗೆ ರಕ್ತಭೇದಿ. ಈ ವೈರಸ್ಸಿಗೆಂದೇ ಸಿದ್ಧ ಮದ್ದು ನಮ್ಮ ಕ್ಲಿನಿಕ್ಕಿನಲ್ಲಿರಲಿಲ್ಲ. ಡ್ರಿಪ್ ಹಾಕಿ, ವಾಂತಿ ನಿಲ್ಲಿಸಿ, ಬೇರೆ ಸೋಂಕು ಸೇರದಂತೆ ನೋಡಿಕೊಂಡು, ಮರಿಯ ದೇಹ ಗೆಲ್ಲುವವರೆಗೆ ಹಿಡಿದಿಡಬೇಕು. ಚುಕ್ಕಿಯನ್ನು ಕೂಡಲೇ ಮಹಡಿಯ ರೂಮಿಗೆ ಒಯ್ದೆವು. ಡಾಕ್ಟರು ನಕ್ಕು, "ಗುಂಡನಿಗೆ ಕಾಣಿಸಿಕೊಳ್ಳೋ ಹೊತ್ತಿಗೆ ಅವಳಿಗೆ ಅಂಟಿ ಆಗಿರುತ್ತಮ್ಮ" ಅಂದರು. ಸೋಂಕು ತಗುಲಿದ ಮೇಲೆ ಲಕ್ಷಣ ಹೊರಬೀಳಲು ಮೂರರಿಂದ ಏಳು ದಿನ ಬೇಕು. ಒಂದೇ ಚಾಪೆಯಲ್ಲಿ ಮಲಗುವವಕ್ಕೆ ಅಷ್ಟು ದಿನ ಧಾರಾಳ ಸಾಕು. ಹೇಳಿದಂತೆಯೇ ಆಯಿತು. ಕ್ಲಿನಿಕ್ಕಿನ ಕಿಟಕಿ ಸರಳಿಗೆ ಎರಡು ಬಾಟಲಿ ನೇತುಹಾಕಿ, ಯಾವ ನಳಿಕೆ ಯಾರದೆಂದು ತಿಳಿಯಲು ಕಾಂಪೌಂಡರ್ ಒಂದಕ್ಕೆ ಕೆಂಪು ಟೇಪು, ಇನ್ನೊಂದಕ್ಕೆ ನೀಲಿ ಟೇಪು ಸುತ್ತಿದ್ದರು. ಎರಡೂ ಬದುಕಿದವು. ಬಿಲ್ಲು ಮೂವತ್ತು ಸಾವಿರದ ಹತ್ತಿರ. ಆ ತಿಂಗಳು ಮಗಳ ಶಾಲೆಯ ಫೀಸಿಗೆಂದು ಇಟ್ಟಿದ್ದ ದುಡ್ಡಿಗೆ ಕೈಹಾಕಿದೆವು. ಎರಡು ವರ್ಷದ ಅಂತರವಿದ್ದ ನಾಯಿಗಳಾಗಿದ್ದರೆ ದೊಡ್ಡದಕ್ಕೆ ಅಷ್ಟರಲ್ಲಿ ಲಸಿಕೆಗಳೆಲ್ಲ ಆಗಿರುತ್ತಿದ್ದವು, ಹೆಚ್ಚೆಂದರೆ ಒಂದರ ಬಿಲ್ಲು.

ಗಂಡು-ಹೆಣ್ಣು ಜೋಡಿ ತಂದವರಿಗೆ ಇನ್ನೊಂದು ಗಡುವಿದೆ, ಅದು ಮುಂದೂಡುವ ಬಾಬ್ತಲ್ಲ. ಹೆಣ್ಣು ಸಾಮಾನ್ಯವಾಗಿ ಆರರಿಂದ ಹತ್ತು ತಿಂಗಳೊಳಗೆ ಬೆದೆಗೆ ಬರುತ್ತದೆ, ಒಡಹುಟ್ಟಿದವನೆಂದು ಗಂಡು ಬಿಡುವುದಿಲ್ಲ. ನಾವು ಹಾಗೇ ಬಿಟ್ಟರೆ ಸುಮಾರು 63 ದಿನಕ್ಕೆ ಮನೆ ತುಂಬ ಮರಿ. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಚುಕ್ಕಿಗೆ ಎಂಟು ಸಾವಿರ, ಗುಂಡನಿಗೆ ಐದು ಸಾವಿರ ಆಯಿತು. ಒಂದೇ ತಿಂಗಳಲ್ಲಿ, ಮತ್ತೆ. ಹೆಣ್ಣಿನ ಆಪರೇಷನ್ನಿಗೆ ಕೊಟ್ಟ ದುಡ್ಡು ಮುಂದೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆಯ ದೊಡ್ಡ ಬಿಲ್ಲನ್ನು ತಪ್ಪಿಸುತ್ತದೆ, ಅದನ್ನು ಖರ್ಚು ಎಂದು ಬರೆಯಲು ನನಗೆ ಮನಸ್ಸಿಲ್ಲ. ಉಣ್ಣೆ ಹುಳುವಿನ ಮಾತ್ರೆ ಮಾತ್ರ ಪಕ್ಕಾ ಎರಡರಷ್ಟು: ತೂಕ ನೋಡಿ ಕೊಡುವುದರಿಂದ ಒಂದನ್ನು ಮುರಿದು ಹಂಚುವಂತಿಲ್ಲ. ತಿಂಗಳಿಗೆ ಸಾವಿರದಾರುನೂರು. ಉಣ್ಣೆ ಜ್ವರಕ್ಕೆ ಬಿದ್ದು ಪ್ಲೇಟ್‌ಲೆಟ್ ಇಳಿದ ನಾಯಿಯನ್ನು ಒಮ್ಮೆ ನೋಡಿದವರು ಇದರಲ್ಲಿ ಚೌಕಾಸಿ ಮಾಡುವುದಿಲ್ಲ.

ಇನ್ನು ಮೂರರಷ್ಟಾಗುವ ಬಾಬ್ತುಗಳು. ಒಡಹುಟ್ಟಿದ ಮರಿಗಳನ್ನು ಸದಾ ಒಟ್ಟಿಗೇ ಬೆಳೆಸಿದರೆ ಅವು ಒಂದನ್ನೊಂದು ನೋಡಿ ಕಲಿಯುತ್ತವೆಯೇ ಹೊರತು ಮನುಷ್ಯರ ಮಾತಿಗೆ ಕಿವಿಗೊಡುವುದಿಲ್ಲ, ಬೇರೆ ಮಾಡಿದರೆ ಗಾಬರಿಬೀಳುತ್ತವೆ ಎಂದು ತರಬೇತುದಾರರು ಎಚ್ಚರಿಸುತ್ತಾರೆ. ಇದು ಸಂಶೋಧನೆಗಿಂತ ಹೆಚ್ಚಾಗಿ ಅವರ ಅನುಭವದ ಮಾತು, ಎಲ್ಲ ಜೋಡಿಗೂ ಹೀಗೇ ಆಗಬೇಕೆಂದಿಲ್ಲ. ನಮ್ಮ ಮನೆಯಲ್ಲಿ ಆಯಿತು. ಚುಕ್ಕಿಯನ್ನು ಒಂಟಿಯಾಗಿ ಗೇಟು ದಾಟಿಸಿದರೆ ನೆಲಕ್ಕೆ ಹೊಟ್ಟೆಯಂಟಿಸಿ ಕೂತುಬಿಡುತ್ತಿದ್ದಳು. ಪರಿಹಾರ: ಬೇರೆ ಬೇರೆ ತಿರುಗಾಟ, ಬೇರೆ ಬೇರೆ ಪಾಠ, ಬೇರೆ ಬೇರೆ ಹಾಸಿಗೆ, ಆಮೇಲೆ ಒಟ್ಟಿಗೂ ಒಂದು ತಿರುಗಾಟ. ಟ್ರೇನರ್ ಫೀಸು ತಲೆಗಿಷ್ಟು ಎಂದೇ ಇರುತ್ತದೆ. ಬೆಳಗ್ಗೆ ನಮ್ಮೆಜಮಾನರು ಗುಂಡನೊಂದಿಗೆ ಪುಟ್ಟೇನಹಳ್ಳಿ ಕೆರೆ ಕಡೆಗೆ, ನಾನು ಚುಕ್ಕಿಯೊಂದಿಗೆ ಎದುರು ದಿಕ್ಕಿಗೆ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಈ ಹೊತ್ತಿಗೂ ಬೆಲೆ ಕಟ್ಟಬೇಕು. ಹೊತ್ತಿಲ್ಲದವರು ನಾಯಿ ತಿರುಗಿಸುವ ಹುಡುಗನಿಗೆ ಸಂಬಳ ಕೊಡುತ್ತಾರೆ.

ಊರಿಗೆ ಹೋಗುವಾಗ ಲೆಕ್ಕ ಇನ್ನೂ ಕೆಡುತ್ತದೆ. ಒಂದು ನಾಯಿಯಾದರೆ 'ಎರಡು ದಿನ ನೋಡ್ಕೊಳ್ರಿ' ಎಂದು ಪಕ್ಕದ ಮನೆಯವರನ್ನು ಕೇಳಬಹುದು, ಅದು ಉಪಕಾರ. ಎರಡಕ್ಕೆ ಯಾರೂ ಒಪ್ಪುವುದಿಲ್ಲ. ಗೌರಿ-ಗಣೇಶ ಹಬ್ಬಕ್ಕೆ ತಿಪಟೂರಿಗೆ ಹೊರಟರೆ ಬೋರ್ಡಿಂಗಿನಲ್ಲಿ ನಾಯಿಗೆ ದಿನಕ್ಕೆ ಆರುನೂರು, ಒಡಹುಟ್ಟಿದವರೆಂದು ರಿಯಾಯಿತಿ ಇಲ್ಲ. ಹೀಗೆ ಒಂದರಲ್ಲಿ ಸೊನ್ನೆಯಿದ್ದ ಖರ್ಚು ಎರಡರಲ್ಲಿ ದಿನಕ್ಕೆ ಸಾವಿರದಿನ್ನೂರು. ಬಾಡಿಗೆ ಮನೆಯದೂ ಇದೇ ಕಥೆ. 2018ರಲ್ಲಿ ಆಗಿನ ಬಿಬಿಎಂಪಿ ಫ್ಲ್ಯಾಟಿಗೆ ಒಂದೇ ನಾಯಿ, ಸ್ವಂತ ಮನೆಗೆ ಮೂರು ಎಂದು ನಿಯಮ ತಂದು, ಗಲಾಟೆಯಾದ ಮೇಲೆ ಹಿಂದೆಗೆಯಿತು. ಅಪಾರ್ಟ್‌ಮೆಂಟ್ ಸಂಘಗಳು ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ಆದರೆ ಆರ್.ಟಿ. ನಗರದಲ್ಲಿ ಮನೆ ಹುಡುಕುವಾಗ ಸುತ್ತೋಲೆ ತೋರಿಸಿ ಯಾರೂ ಬೀಗದಕೈ ಪಡೆದಿಲ್ಲ. ಒಂದು ನಾಯಿಗೆ ಮುಖ ಸಿಂಡರಿಸುವ ಮಾಲೀಕರು ಎರಡಕ್ಕೆ ಫೋನು ಇಡುತ್ತಾರೆ.

ಮೊದಲ ವರ್ಷ ಲಕ್ಷ ದಾಟಿತು. ಈಗ ವರ್ಷಕ್ಕೆ ಅರವತ್ತು-ಎಪ್ಪತ್ತು ಸಾವಿರ, ಸಂಬಳದಲ್ಲಿ ಹೊಂದುತ್ತದೆ. ನಾನು ಹಣ ಕೂಡಿಡುತ್ತಿರುವುದು ಈಗಿನದಕ್ಕಲ್ಲ, ಅವು ಮುದಿಯಾಗುವ ಕಾಲಕ್ಕೆ. ಕೀಲುನೋವು, ಮೂತ್ರಪಿಂಡ, ಹಲ್ಲು, ಎಲ್ಲವೂ ಎರಡಕ್ಕೂ ಹೆಚ್ಚುಕಡಿಮೆ ಒಂದೇ ವರ್ಷದಲ್ಲಿ ಶುರುವಾಗುತ್ತವೆ. ನಾಯಿ ವಿಮೆ ವಿಚಾರಿಸಿದೆ. ಸರ್ಕಾರಿ ಸ್ವಾಮ್ಯದ ನ್ಯೂ ಇಂಡಿಯಾ ಅಶ್ಯೂರೆನ್ಸ್‌ನಲ್ಲಿ ಹಿಂದಿನಿಂದ ಇದೆ, ಆಗಿನ ಬಜಾಜ್ ಅಲಯನ್ಸ್ 2020ರಲ್ಲಿ ಶುರುಮಾಡಿತು. ಸಾಮಾನ್ಯವಾಗಿ ನಾಯಿಗೊಂದು ಪಾಲಿಸಿ, ಫ್ಯಾಮಿಲಿ ಫ್ಲೋಟರ್ ಎಂಬುದಿಲ್ಲ. ಲಸಿಕೆಯ ಖರ್ಚು ಕೊಡುವುದಿಲ್ಲ, ವಯಸ್ಸಾದ ಮೇಲೆ ಹೊಸದಾಗಿ ಸೇರಿಸಿಕೊಳ್ಳುವುದೂ ಇಲ್ಲ. ದೊಡ್ಡ ಅಪಘಾತ, ಆಪರೇಷನ್ನಿಗೆ ಬೇಕಾದೀತು. ನಾನು ಆರಿಸಿಕೊಂಡದ್ದು ತಿಂಗಳಿಗೆ ಮೂರು ಸಾವಿರದ ಆರ್‌ಡಿ. ಹತ್ತು ವರ್ಷಕ್ಕೆ ಅಸಲೇ ಮೂರು ಲಕ್ಷ ಅರವತ್ತು ಸಾವಿರ. ಅಷ್ಟರೊಳಗೆ ನಾಯಿಗೆ ಬೇಕಾಗದಿದ್ದರೆ ನಮ್ಮ ಮಂಡಿಗೆ ಬೇಕಾಗುತ್ತದೆ.

ಯಶವಂತಪುರದಲ್ಲಿರುವ ನನ್ನ ನಾದಿನಿ ಮೊನ್ನೆ ಫೋನು ಮಾಡಿ, "ಅತ್ತಿಗೆ, ಒಂದು ಕಡೆ ಎರಡು ಮರಿ ಇವೆ, ಎರಡೂ ತರಲಾ?" ಎಂದು ಕೇಳಿದಳು. ಒಂದು ತಾ, ಎರಡು ವರ್ಷ ಬಿಟ್ಟು ಇನ್ನೊಂದು ತಾ ಅಂದೆ. ಬೆಂಗಳೂರಿನಲ್ಲಿ 1991ರಿಂದ ಕೆಲಸ ಮಾಡುತ್ತಿರುವ ಕ್ಯೂಪಾದಂಥ ಪ್ರಾಣಿ ರಕ್ಷಣಾ ಸಂಸ್ಥೆಗಳ ಹತ್ತಿರ ಮನೆ ಸಿಗದ ನಾಯಿಗಳಿಗೆ ಯಾವ ವರ್ಷವೂ ಬರವಿರುವುದಿಲ್ಲ. 2023ರ ಎಣಿಕೆಯಲ್ಲಿ ನಗರದ ಬೀದಿನಾಯಿಗಳೇ 2.79 ಲಕ್ಷ. ಎರಡನೆಯದು ಬರುವವರೆಗೆ ಅದರ ಹೆಸರಿನಲ್ಲಿ ಒಂದು ಆರ್‌ಡಿ ಕಟ್ಟು ಎಂದೂ ಹೇಳಿದೆ. ಆರ್‌ಡಿ ಶುರುವಾಗಿದೆಯಂತೆ, ಮೊದಲನೆಯ ನಾಯಿ ಇನ್ನೂ ಬಂದಿಲ್ಲ.