ಅಡಿಗೆಮನೆಯ ಉಪ್ಪೂ ಔಷಧದಂಗಡಿಯ ಗುಳಿಗೆಯೂ

ಪಕ್ಷವಾತವೂ ಹೃದಯಾಘಾತವೂ ಮುನ್ಸೂಚನೆಯಿಲ್ಲದೆ ಬರುವ ವಿಪತ್ತುಗಳೆಂದು ಸಾಮಾನ್ಯವಾಗಿ ಜನರು ಎಣಿಸುತ್ತಾರೆ. ನಿನ್ನೆಯ ವರೆಗೆ ತೋಟದಲ್ಲಿ ಓಡಾಡುತ್ತಿದ್ದವರು ಇಂದು ಕೈಯೆತ್ತಲಾರದೆ, ಮಾತು ತೊದಲಿ, ಹಾಸಿಗೆ ಹಿಡಿದುದನ್ನು ನಾವೆಲ್ಲರೂ ಕಂಡಿದ್ದೇವೆ. ಆದರೆ ಈ ಆಘಾತದ ಹಿಂದೆ ಬಹುವರ್ಷಗಳ ಸಿದ್ಧತೆಯಿರುತ್ತದೆ. ರಕ್ತದ ಒತ್ತಡವು ಹೆಚ್ಚಾದಾಗ ಅದನ್ನು ಹಗಲಿರುಳು ತಾಳಿಕೊಳ್ಳುವ ಧಮನಿಗಳ ಗೋಡೆಗಳು ದಪ್ಪವಾಗಿ ಬಿರುಸಾಗುತ್ತವೆ. ಒಳಗೆ ಕೊಬ್ಬು ಕೂಡಿ ದಾರಿಯು ಕಿರಿದಾಗುತ್ತದೆ. ಮಿದುಳಿನ ನಾಳವು ಮುಚ್ಚಿದರೆ ಇಲ್ಲವೆ ಒಡೆದರೆ ಪಕ್ಷವಾತ. ಹೃದಯದ ನಾಳವು ಮುಚ್ಚಿದರೆ ಹೃದಯಾಘಾತ. ಒತ್ತಡವೇರಿದವರಲ್ಲಿ ಬಹುಮಂದಿಗೆ ನೋವೂ ಇಲ್ಲ, ಜ್ವರವೂ ಇಲ್ಲ. ಅಳೆದು ನೋಡಿದ ಹೊರತು ಅದು ತಿಳಿಯತಕ್ಕದ್ದಲ್ಲ.

ಇದನ್ನು ತಡೆಯುವುದಕ್ಕೆ ಗುಳಿಗೆಗಳುಂಟೆಂದು ಜಾಹೀರಾತುಗಳು ಸಾರುತ್ತವೆ. ನಮ್ಮಲ್ಲಿ ಕಲಿತು ಈಗ ದೂರದೇಶಗಳಲ್ಲಿರುವ ಹೆಣ್ಣುಮಕ್ಕಳು ರಜೆಗೆ ಬರುವಾಗ ತಾಯ್ತಂದೆಗಳಿಗಾಗಿ ಮೀನೆಣ್ಣೆಯ ಮತ್ತು ವಿಟಮಿನುಗಳ ಸೀಸೆಗಳನ್ನು ತರುವುದುಂಟು. ಅದರಲ್ಲಿರುವ ಪ್ರೀತಿಯನ್ನು ನಾವು ಅಲ್ಲಗಳೆಯುವುದಿಲ್ಲ. ಸೀಸೆಯ ಗುಣವನ್ನು ಮಾತ್ರ ಪರೀಕ್ಷಿಸೋಣ. 2000ನೆಯ ಇಸವಿಯಲ್ಲಿ ಪ್ರಕಟವಾದ ಹೋಪ್ ಎಂಬ ಪರೀಕ್ಷೆಯಲ್ಲಿ ಹೃದ್ರೋಗದ ಭಯವುಳ್ಳ 9,500ಕ್ಕೂ ಮಿಕ್ಕಿದ ಜನರು ಸೇರಿದ್ದರು. ಅವರಲ್ಲಿ ಅರ್ಧದಷ್ಟು ಮಂದಿಗೆ ನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ವಿಟಮಿನ್ ಇ ಕೊಡಲ್ಪಟ್ಟಿತು; ಉಳಿದವರಿಗೆ ಸತ್ವವಿಲ್ಲದ ಗುಳಿಗೆ. ಕೊನೆಗೆ ಎರಡು ಪಂಗಡಗಳಿಗೂ ಹೇಳತಕ್ಕ ಭೇದವು ಕಾಣಲಿಲ್ಲ. ಅಮೇರಿಕದಲ್ಲಿ 25,871 ಮಂದಿಯೊಳಗೆ ನಡೆದು 2018ರಲ್ಲಿ ಪ್ರಕಟವಾದ ವೈಟಲ್ ಪರೀಕ್ಷೆಯಲ್ಲಿ ವಿಟಮಿನ್ ಡಿ ಯಾಗಲಿ ಮೀನೆಣ್ಣೆಯ ಸತ್ವವಾಗಲಿ ಇಂಥ ಆಘಾತಗಳ ಒಟ್ಟು ಸಂಖ್ಯೆಯನ್ನು ಗಣನೀಯವಾಗಿ ತಗ್ಗಿಸಲಿಲ್ಲ. ಗಜ್ಜರಿಗೆ ಬಣ್ಣ ಕೊಡುವ ಬೀಟಾ ಕ್ಯಾರೊಟಿನನ್ನು ಗುಳಿಗೆಯಾಗಿ ಸೇವಿಸಿದ ಫಿನ್ಲೆಂಡಿನ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರು ಹೆಚ್ಚಾಯಿತೆಂದು 1994ರಲ್ಲಿಯೇ ತಿಳಿದುಬಂದಿತ್ತು. ಗಜ್ಜರಿಯನ್ನು ಯಾರೂ ದೂರಲಿಲ್ಲವೆಂಬುದನ್ನು ಗಮನಿಸಿರಿ.

ನ್ಯಾಯವಾಗಿ ಹೇಳಬೇಕಾದರೆ ಒಂದು ಅಪವಾದವಿದೆ. ಚೀನಾದಲ್ಲಿ ರಕ್ತದ ಒತ್ತಡವುಳ್ಳ 20,702 ಮಂದಿಯ ಪರೀಕ್ಷೆಯೊಂದರಲ್ಲಿ, ಒತ್ತಡದ ಔಷಧದೊಡನೆ ಫೋಲಿಕ್ ಆಮ್ಲವನ್ನೂ ಸೇವಿಸಿದವರಿಗೆ, ಬರಿಯ ಔಷಧವನ್ನು ಸೇವಿಸಿದವರಿಗಿಂತ ಪಕ್ಷವಾತವು ಕಡಿಮೆಯಾಗಿ ಬಂದಿತೆಂದು 2015ರಲ್ಲಿ ವರದಿಯಾಯಿತು. ಈ ಸತ್ವದ ಬಂಧುವಾದ ಫೋಲೇಟು ಸೊಪ್ಪು ಮತ್ತು ಬೇಳೆಕಾಳುಗಳಲ್ಲಿ ಯಥೇಷ್ಟವಾಗಿದೆ.

ಇನ್ನು ಉಪ್ಪಿನ ವಿಚಾರಕ್ಕೆ ಬರೋಣ. ಅದೇ ಚೀನಾದ 600 ಹಳ್ಳಿಗಳಲ್ಲಿ, ಹಿಂದೆ ಪಕ್ಷವಾತವಾಗಿದ್ದವರನ್ನೂ ರಕ್ತದ ಒತ್ತಡವುಳ್ಳ ವೃದ್ಧರನ್ನೂ ಆರಿಸಿ, ಅರ್ಧದಷ್ಟು ಹಳ್ಳಿಗಳಲ್ಲಿ ಅವರ ಮನೆಗಳಿಗೆ ಬೇರೆ ಉಪ್ಪನ್ನು ಹಂಚಲಾಯಿತು. ಅದರಲ್ಲಿ ಮುಕ್ಕಾಲು ಪಾಲು ಸಾಧಾರಣ ಉಪ್ಪು, ಕಾಲು ಪಾಲು ಪೊಟ್ಯಾಸಿಯಂ ಲವಣ. ಸುಮಾರು ಐದು ವರ್ಷಗಳ ಬಳಿಕ, ಎಂದರೆ 2021ರಲ್ಲಿ ಪ್ರಕಟವಾದ ಲೆಕ್ಕದಂತೆ, ಅವರಲ್ಲಿ ಪಕ್ಷವಾತವು ಶೇಕಡಾ 14ರಷ್ಟೂ ಮರಣಗಳು ಶೇಕಡಾ 12ರಷ್ಟೂ ಕಡಿಮೆಯಾಗಿದ್ದುವು. ಸೀಸೆಗಳು ಮಾಡಲಾರದುದನ್ನು ಉಪ್ಪಿನ ಭರಣಿಯು ಮಾಡಿತು!

ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಎಂದರೆ ಒಂದು ಚಹದ ಚಮಚೆಯೊಳಗೆ, ಉಪ್ಪು ಸಾಕೆನ್ನುತ್ತದೆ. ಇಲ್ಲಿ ಗಣಿತದ ತರಗತಿಯನ್ನು ಸ್ಮರಿಸಿಕೊಳ್ಳಿರಿ. ಐವರು ವಯಸ್ಕರಿರುವ ಮನೆಗೆ ದಿನಕ್ಕೆ 25 ಗ್ರಾಮು. 1 ಕಿಲೋ ಉಪ್ಪು 40 ದಿನಗಳಿಗಾದರೂ ಬರಬೇಕು. ಪೊಟ್ಟಣವನ್ನು ಒಡೆದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಿ ನೋಡಿರಿ. 20 ದಿನಗಳಲ್ಲಿ ಮುಗಿದರೆ ಒಬ್ಬೊಬ್ಬರ ಪಾಲಿಗೆ 10 ಗ್ರಾಮು ಸಂದಿತು. ಮೀನು ತೊಳೆಯುವುದಕ್ಕೆ ಉಪಯೋಗಿಸಿದುದನ್ನು ಕಳೆಯಬಹುದು, ಆದರೆ ಅಂಗಡಿಯ ಹಪ್ಪಳ, ಉಪ್ಪಿನಕಾಯಿ, ಒಣಮೀನು, ರೊಟ್ಟಿ, ಬಿಸ್ಕತ್ತುಗಳಲ್ಲಿ ಅಡಗಿ ಬಂದುದನ್ನು ಕೂಡಿಸಬೇಕು. ಕಲ್ಲುಪ್ಪೂ ಸೈಂಧವವೂ ಬೇರೆಯೆಂದು ವಾದಿಸುವವರುಂಟು. ಅವುಗಳೂ ಬಹುತೇಕ ಅದೇ ಸೋಡಿಯಂ ಲವಣವೇ, ಮತ್ತು ಅನೇಕ ವೇಳೆ ಅವುಗಳಿಗೆ ಅಯೋಡಿನು ಸೇರಿಸಿರುವುದಿಲ್ಲ.

ಗಂಜಿಯೊಡನೆ ಉಪ್ಪಿನಕಾಯಿಯನ್ನೂ ಊಟಕ್ಕೆ ಬಾಳಕದ ಮೆಣಸನ್ನೂ ಒಮ್ಮೆಗೇ ಬಿಡಿರೆಂದರೆ ಯಾವ ಅಜ್ಜಿಯೂ ಒಪ್ಪಲಾರಳು, ನಾವೂ ಹಾಗೆ ಕೇಳುವುದಿಲ್ಲ. ವಾರ ವಾರಕ್ಕೆ ಸ್ವಲ್ಪ ಸ್ವಲ್ಪವಾಗಿ ತಗ್ಗಿಸಿದರೆ ನಾಲಿಗೆಯು ಹೊಂದಿಕೊಳ್ಳುತ್ತದೆ. ಸಾರಿಗೆ ಹುಣಸೆಯನ್ನೋ ಲಿಂಬೆಯನ್ನೋ ಕೊಂಚ ಮುಂದೆ ಮಾಡಿದರೆ ಉಪ್ಪಿನ ಕೊರತೆಯು ಅಷ್ಟಾಗಿ ತೋರದು. ಅನ್ನಕ್ಕೆ ಉಪ್ಪು ಹಾಕುವ ಪದ್ಧತಿಯಿದ್ದರೆ ಅದನ್ನು ಮೊದಲು ನಿಲ್ಲಿಸಬಹುದು. ಬಸಳೆ, ಹರಿವೆ, ಹುರುಳಿ, ಬಾಳೆಹಣ್ಣುಗಳಲ್ಲಿ ಪೊಟ್ಯಾಸಿಯಂ ಸ್ವಾಭಾವಿಕವಾಗಿಯೇ ದೊರೆಯುತ್ತದೆ.

ಪೊಟ್ಯಾಸಿಯಂ ಬೆರೆಸಿದ ಉಪ್ಪು ಈಗ ಅಂಗಡಿಗಳಲ್ಲಿಯೂ ಸಿಗುತ್ತದೆ. ಮೂತ್ರಪಿಂಡಗಳ ದೋಷವುಳ್ಳವರೂ, ರಕ್ತದಲ್ಲಿ ಪೊಟ್ಯಾಸಿಯಮನ್ನು ಏರಿಸುವ ಕೆಲವು ಒತ್ತಡದ ಔಷಧಗಳನ್ನು ಸೇವಿಸುವವರೂ ವೈದ್ಯರನ್ನು ಕೇಳದೆ ಅದನ್ನು ಮುಟ್ಟಕೂಡದು; ಅದು ಮಿತಿಮೀರಿದರೆ ಹೃದಯದ ಬಡಿತವೇ ತಪ್ಪಬಹುದು. ಹಾಗೆಯೇ, ಉಪ್ಪು ತಗ್ಗಿಸಿದೆವೆಂದು ವೈದ್ಯರು ಬರೆದುಕೊಟ್ಟ ಗುಳಿಗೆಯನ್ನು ತಾವಾಗಿ ನಿಲ್ಲಿಸಬಾರದು. ಅದನ್ನು ಕಡಿಮೆ ಮಾಡಬಹುದೇ ಎಂಬುದನ್ನು ಒತ್ತಡವನ್ನು ಪುನಃ ಅಳೆದು ಅವರೇ ಹೇಳತಕ್ಕದ್ದು.