ಜೋಳದ ಹೊಲದ ಮೂತಿ ಹುಳ ಮತ್ತು ಒಂದು ಲೆಕ್ಕ

ಕಲ್ಮಲ, ಮಾನ್ವಿ, ದೇವದುರ್ಗ ಎಲ್ಲೇ ಹೋದರೂ ನಮಗೆ ಊಟ ಅಂದ್ರೆ ಜೋಳದ ರೊಟ್ಟಿ. ಆ ಜೋಳದ ಬೇರಿಗೇ ಅಂಟಿಕೊಂಡು ನೀರು, ಸತ್ವ ಹೀರುವ ಕಳೆ ಸ್ಟ್ರೈಗಾ. ಅದು ಮಣ್ಣಿನ ಮೇಲೆ ಕಾಣುವಷ್ಟರಲ್ಲಿ ಬೆಳೆಗೆ ಪೆಟ್ಟು ಬಿದ್ದಿರುತ್ತದೆ. ಒಂದೇ ಗಿಡ ಧೂಳಿನಂಥ ಸಾವಿರಾರು ಬೀಜ ಉದುರಿಸುತ್ತದೆ. ಅವು ಮಣ್ಣಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ.

ಇದಕ್ಕೂ ಒಂದು ವೈರಿ ಇದೆ: ಸ್ಮೈಕ್ರೊನಿಕ್ಸ್ ಎಂಬ ಪುಟ್ಟ ಮೂತಿ ಹುಳ. ಇದರ ಮರಿಹುಳ ಸ್ಟ್ರೈಗಾ ಕಾಯಿಯೊಳಗೇ ಬೆಳೆಯುತ್ತದೆ. ಕಾಯಿ ಗಂಟಿನಂತೆ ಊದುತ್ತದೆ, ಬೀಜ ಹಾಳಾಗುತ್ತದೆ. 1970ರ ದಶಕದಲ್ಲಿ ಈ ಹುಳವನ್ನು ಭಾರತದಿಂದ ಇಥಿಯೋಪಿಯಾಕ್ಕೂ ಒಯ್ದು ಬಿಟ್ಟಿದ್ದರು.

ಹಾಗಾದರೆ ಹುಳ ಒಂದೇ ಸಾಕಾ? ನಾವು ಎಂಜಿನಿಯರಿಂಗ್ ಓದುವವರು, ಲೆಕ್ಕ ಹಾಕೋಣ. ಗಿಡಕ್ಕೆ 20,000 ಬೀಜ ಅಂತ ಇಟ್ಟುಕೊಳ್ಳಿ. ಹುಳ ನೂರಕ್ಕೆ 80 ಮುಗಿಸಿದರೂ 4,000 ಉಳೀತು. ಅದರಲ್ಲಿ ನೂರಕ್ಕೆ ಒಂದೇ ಗಿಡವಾದರೂ 40! ಹುಳ ಇಲ್ಲದಿದ್ದರೆ 200. ಅಂದರೆ ಹುಳ ಹೊರೆ ಇಳಿಸುತ್ತದೆ, ಪೂರ್ತಿ ಮುಗಿಸಲ್ಲ.

ಉಳಿದದ್ದಕ್ಕೆ ನಮ್ಮ ಸೀಮೆಯ ಹತ್ತಿಯೇ ಇದೆ. ಹತ್ತಿ ಬೇರಿನ ರಸ ಸ್ಟ್ರೈಗಾ ಬೀಜವನ್ನು ಮೊಳೆಯಿಸುತ್ತದೆ, ಆದರೆ ಊಟ ಕೊಡಲ್ಲ, ಮೊಳೆತದ್ದು ಸಾಯುತ್ತದೆ. ಜೋಳದ ಹೊಲಕ್ಕೆ ನಡುನಡುವೆ ಹತ್ತಿ ಹಾಕಿ, ಕಂಡ ಸ್ಟ್ರೈಗಾವನ್ನು ಬೀಜ ಕಟ್ಟುವ ಮೊದಲೇ ಕಿತ್ತರೆ, ಹುಳದ ದುಡಿಮೆ ವ್ಯರ್ಥವಾಗಲ್ಲ.